ಕಲ್ಲಿದ್ದಲಿನೊಳಗಣ ಇದ್ದಲು
(ಬಾನುಲಿ ಭಾಷಣ)



ಕನ್ನಡ ಪಾಠ ಹೇಳಿ ನಿವೃತ್ತನಾದವನಿಗೆ ಕಲ್ಲಿದ್ದಲಿನ ಉಸಾಬರಿ ಏಕೆಂದು ನಿಮ್ಮಲ್ಲಿ ಕೆಲವರು ಕೇಳಬಹುದು. ಕೇಳುವುದು ನ್ಯಾಯವೇ. ಅದರಲ್ಲಿಯೂ ನಾನಿರುವುದು ಚಾಮರಾಜನಗರದಲ್ಲಿ. ಈ ಜಿಲ್ಲೆಯ ನೆಲವನ್ನು ಎಷ್ಟು ಆಳಕ್ಕೆ ಅಗೆದರೂ ಒಂದು ಹಿಡಿ ಕಲ್ಲಿದ್ದಲು ಸಿಕ್ಕುವಂತಿಲ್ಲ. ಆದರೂ ಈ ವಿಷಯ ಬಾಲ್ಯದಲ್ಲಿಯೇ ನನ್ನ ಕೈಗೆ ಅಂಟಿಕೊಂಡಿತು. ಅಂಟಿಕೊಂಡಿತೆಂಬ ಮಾತನ್ನು ವಾಚ್ಯಾರ್ಥದಲ್ಲಿಯೇ ಹೇಳುತ್ತಿದ್ದೇನೆ.

1960ರ ದಶಕದ ಕೊನೆಯ ವರ್ಷಗಳವು. ಮೈಸೂರಿನಿಂದ ನಂಜನಗೂಡಿನ ಮೇಲೆ ಚಾಮರಾಜನಗರಕ್ಕೆ ಉಗಿಬಂಡಿ ಬರುತ್ತಿತ್ತು. ಹಳಿಯ ಪಕ್ಕದಲ್ಲಿ ಬಿದ್ದ ಕಲ್ಲಿದ್ದಲಿನ ಚೂರುಗಳನ್ನು ಆಯ್ದು ತರುವುದು ನಮ್ಮ ಓರಗೆಯ ಹುಡುಗರಿಗೆ ಆಟವೂ ಹೌದು, ಮನೆಯ ಒಲೆಗೆ ಅಷ್ಟಿಷ್ಟು ಸಹಾಯವೂ ಹೌದು. ಉರಿಯದ ಕಲ್ಲುಚೂರುಗಳನ್ನು ಎಂಜಿನ್ನಿನವರು ಹೊರಗೆ ಎಸೆದುಬಿಡುತ್ತಿದ್ದರು. ಅಂಥದೊಂದು ಚಪ್ಪಟೆಯ ಬೂದುಗಲ್ಲು ಒಂದು ಸಂಜೆ ನನಗೆ ಸಿಕ್ಕಿತು. ಅದರ ಮೈಮೇಲೆ ಎಲೆಯೊಂದರ ಅಚ್ಚು ಮೂಡಿತ್ತು. ನಡುವೆ ದಪ್ಪ ನರ, ಎರಡು ಕಡೆಗೂ ಬಲೆಯಂತೆ ಹೆಣೆದ ಸಣ್ಣ ನರಗಳು. ನಾಲಗೆಯ ಆಕಾರ. ನಮ್ಮ ಹೊಲದ ಬದುವಿನಲ್ಲಾಗಲಿ ಬಿಳಿಗಿರಿರಂಗನ ಬೆಟ್ಟದಲ್ಲಾಗಲಿ ಅಂಥ ಎಲೆಯನ್ನು ನಾನು ಕಂಡಿರಲಿಲ್ಲ. ಕಲ್ಲನ್ನು ಜೇಬಿಗೆ ಹಾಕಿಕೊಂಡು ಮಸಿಗೈಯಲ್ಲಿ ಮನೆಗೆ ಬಂದಾಗ ಅಮ್ಮ ಬೈದು ಸೀಗೆಪುಡಿ ಹಾಕಿ ಕೈ ಉಜ್ಜಿದ್ದು ನೆನಪಿದೆ. ಆ ಎಲೆಯ ಹೆಸರು ಗ್ಲಾಸಾಪ್ಟೆರಿಸ್, ಗ್ರೀಕಿನಲ್ಲಿ ‘ನಾಲಗೆ ಜರಿಗಿಡ’ ಎಂದರ್ಥ, ಹೆಸರಿಟ್ಟವನು ಫ್ರಾನ್ಸಿನ ಬ್ರೋನ್ಯಾರ್, ಇಟ್ಟದ್ದು 1828ರಲ್ಲಿ, ಆದರೆ ಅದು ಜರಿಗಿಡವೇ ಅಲ್ಲ, ಬೀಜ ಬಿಡುವ ಮರ — ಇಷ್ಟನ್ನೆಲ್ಲ ತಿಳಿಯುವ ಹೊತ್ತಿಗೆ ನನಗೆ ನಲವತ್ತು ದಾಟಿತ್ತು. 1912ರಲ್ಲಿ ದಕ್ಷಿಣ ಧ್ರುವದಿಂದ ಹಿಂದಿರುಗುವ ದಾರಿಯಲ್ಲಿ ಮಡಿದ ಕ್ಯಾಪ್ಟನ್ ಸ್ಕಾಟನ ತಂಡದವರು ಕೊನೆಯವರೆಗೂ ಎಸೆಯದೆ ಎಳೆದು ತಂದ ಕಲ್ಲುಗಳಲ್ಲಿಯೂ ಇದೇ ಎಲೆ ಇತ್ತು. ಭಾರತ, ಆಸ್ಟ್ರೇಲಿಯ, ಆಫ್ರಿಕ, ದಕ್ಷಿಣ ಅಮೆರಿಕ, ಅಂಟಾರ್ಕ್ಟಿಕ ಒಂದೇ ಭೂಖಂಡವಾಗಿದ್ದುದಕ್ಕೆ ಈ ನಾಲಗೆಯೂ ಒಂದು ಸಾಕ್ಷಿ.

ಇನ್ನು ಕೈಗೆ ಅಂಟಿದ ಮಸಿಯ ವಿಚಾರ. ಕಲ್ಲು, ಇದ್ದಲು ಎರಡೂ ಸೇರಿ ಕಲ್ಲಿದ್ದಲು ಎಂದು ತರಗತಿಯಲ್ಲಿ ಲೋಪಸಂಧಿಗೆ ಉದಾಹರಣೆ ಕೊಟ್ಟದ್ದುಂಟು. ಕಲ್ಲಿನಂತಿರುವ ಇದ್ದಲು ಎಂಬುದು ಬರಿಯ ಹೋಲಿಕೆಯೆಂದೇ ನಾನು ತಿಳಿದಿದ್ದೆ. ಹೋಲಿಕೆ ಮಾತ್ರವಲ್ಲ. ಕಲ್ಲಿದ್ದಲು ಏಕರೂಪದ ವಸ್ತುವಲ್ಲ, ಅದು ಅನೇಕ ಬಗೆಯ ಸಸ್ಯಾವಶೇಷಗಳ ಕಲಸುಮೇಲೋಗರ. ಇದನ್ನು ವ್ಯವಸ್ಥಿತವಾಗಿ ಬಿಡಿಸಿ ತೋರಿಸಿದವರಲ್ಲಿ ಮುಖ್ಯಳಾದವಳು ಇಂಗ್ಲೆಂಡಿನ ಮೇರಿ ಸ್ಟೋಪ್ಸ್. ಸಂತಾನ ನಿಯಂತ್ರಣದ ಪ್ರಚಾರಕಿಯೆಂದು ಲೋಕವೆಲ್ಲ ಬಲ್ಲ ಈ ಹೆಂಗಸು ಮೂಲತಃ ಕಲ್ಲಿದ್ದಲಿನ ಪಂಡಿತೆ. ಬರಿಗಣ್ಣಿಗೆ ಕಾಣುವ ನಾಲ್ಕು ಬಗೆಯ ಪಟ್ಟೆಗಳನ್ನು ಅವಳು 1919ರಲ್ಲಿ ಗುರುತಿಸಿದಳು. ಸೂಕ್ಷ್ಮದರ್ಶಕದಲ್ಲಿ ಕಾಣುವ ಘಟಕಗಳಿಗೆ 1935ರಲ್ಲಿ ‘ಮೆಸೆರಲ್’ ಎಂಬ ಹೆಸರು ಕೊಟ್ಟಳು. ಕಲ್ಲಿಗೆ ಖನಿಜಗಳು ಹೇಗೋ ಕಲ್ಲಿದ್ದಲಿಗೆ ಮೆಸೆರಲ್‌ಗಳು ಹಾಗೆ.

ಅವುಗಳಲ್ಲಿ ಮೂರು ಕುಲಗಳು. ಮರದ ದಿಮ್ಮಿ, ತೊಗಟೆ, ಬೇರು ಜವುಗಿನಲ್ಲಿ ಹೂತು ಗಾಜಿನಂತೆ ಹೊಳಪಾದ ಭಾಗ ವಿಟ್ರಿನೈಟ್. ಅದರ ನಯಗೊಳಿಸಿದ ಮೈ ಎಷ್ಟು ಬೆಳಕನ್ನು ಪ್ರತಿಫಲಿಸುತ್ತದೆಂದು ಅಳೆದರೆ ಆ ಪದರ ನೆಲದೊಳಗೆ ಎಷ್ಟು ಕಾವನ್ನು ಉಂಡಿದೆಯೆಂದು ತಿಳಿಯುತ್ತದೆ. ಅಂಟು, ಮೇಣ, ಎಲೆಯ ಮೇಲುಪೊರೆ, ಬೀಜಕ, ಪರಾಗ — ಈ ಜಿಡ್ಡಿನ ಅಂಶಗಳಿಂದಾದದ್ದು ಲಿಪ್ಟಿನೈಟ್. ಮೂರನೆಯದು ಇನರ್ಟಿನೈಟ್, ಅದರಲ್ಲೊಂದು ದೊಡ್ಡ ಪಾಲು ಹೂಳುವ ಮೊದಲೇ ಸುಟ್ಟಿದ್ದ ಮರ. ಎಂದರೆ ನಿಜವಾದ ಇದ್ದಲು! ಕೋಟ್ಯಂತರ ವರ್ಷಗಳ ಹಿಂದೆ ಸಿಡಿಲಿನಿಂದಲೋ ಮತ್ತಾವುದರಿಂದಲೋ ಹತ್ತಿದ ಕಾಡುಗಿಚ್ಚಿನ ಕರಿ, ಜೀವಕೋಶಗಳ ಗೋಡೆ ಕೂಡ ಕುಸಿಯದಂತೆ ಕಲ್ಲಿದ್ದಲಿನ ಒಡಲಲ್ಲಿ ಉಳಿದುಕೊಂಡಿದೆ. ಕಲ್ಲಿದ್ದಲನ್ನು ಮುಟ್ಟಿದಾಗ ಕೈ ಮಸಿಯಾಗುವುದು ಮುಖ್ಯವಾಗಿ ಈ ಭಾಗದಿಂದ. ನಮ್ಮ ದೇಶದ ಗೊಂಡ್ವಾನಾ ಕಲ್ಲಿದ್ದಲಿನಲ್ಲಿ ಇನರ್ಟಿನೈಟ್ ಹೇರಳ. ಹೊಳೆಯ ಮಣ್ಣು ಬೆರೆತುದರಿಂದ ಬೂದಿಯೂ ಹೇರಳ, ನೂರಕ್ಕೆ ಮೂವತ್ತು ನಲವತ್ತು ಪಾಲಿನವರೆಗೆ. ಅಮ್ಮ ಅಂದು ಸೀಗೆಪುಡಿಯಿಂದ ಉಜ್ಜಿ ತೊಳೆದದ್ದು ಮನುಷ್ಯ ಹುಟ್ಟುವುದಕ್ಕೆ ಇಪ್ಪತ್ತೈದು ಕೋಟಿ ವರ್ಷ ಮೊದಲು ಉರಿದ ಕಾಡಿನ ಕರಿಯನ್ನು. ಈ ಸಂಗತಿಯನ್ನು ದಯವಿಟ್ಟು ಮನಸ್ಸಿನಲ್ಲಿಡಿ. ಅದು ಮುಂದೆ ನನ್ನ ಮೇಲೆಯೇ ತಿರುಗಿ ಬೀಳಲಿದೆ.

ಲಿಪ್ಟಿನೈಟಿನಲ್ಲಿ ಪರಾಗವಿದೆಯೆಂದೆನಷ್ಟೆ. ಹೂವಿನ ಧೂಳು ಇಷ್ಟು ಕಾಲ ಉಳಿದೀತೇ? ಅದರ ಹೊರಗೋಡೆ ಅಷ್ಟು ಗಟ್ಟಿ. ಜೀವಿಗಳು ನಿರ್ಮಿಸುವ ಪದಾರ್ಥಗಳಲ್ಲೇ ಅತ್ಯಂತ ಹಟಮಾರಿ ವಸ್ತುಗಳಲ್ಲೊಂದು. ಗಾಳಿ ಸುಳಿಯದ ಕೆಸರಿನಲ್ಲಿ ಹೂತುಹೋದರೆ ಅದು ಕೊಳೆಯುವುದಿಲ್ಲ. ಆಮ್ಲಕ್ಕೂ ಬಗ್ಗುವುದಿಲ್ಲ. ಸಂಶೋಧಕರು ಮಾಡುವುದು ಈ ಹಟಮಾರಿತನದ ಪ್ರಯೋಜನ ಪಡೆಯುವ ಕೆಲಸವೇ. ಕಲ್ಲನ್ನು ಪುಡಿಮಾಡಿ, ಸುಣ್ಣದ ಅಂಶ ಹೋಗಲೆಂದು ಒಂದು ಆಮ್ಲ, ಮರಳಿನ ಅಂಶ ಹೋಗಲೆಂದು ಹೈಡ್ರೋಫ್ಲೋರಿಕ್ ಆಮ್ಲ. ಈ ಎರಡನೆಯದು ಗಾಜಿನ ಪಾತ್ರೆಯನ್ನೇ ತಿಂದುಹಾಕುತ್ತದಾದ್ದರಿಂದ ಪ್ಲಾಸ್ಟಿಕ್ ಪಾತ್ರೆ ಬೇಕು. ಕಲ್ಲಿದ್ದಲಾದರೆ ನೈಟ್ರಿಕ್ ಆಮ್ಲ, ಆಮೇಲೆ ಕ್ಷಾರ. ಎಲ್ಲವೂ ಕರಗಿಹೋದ ಮೇಲೆ ತಳದಲ್ಲಿ ಉಳಿಯುವ ಚಿಟಿಕೆ ಗಸಿಯಲ್ಲಿ ಸಾವಿರಾರು ಪರಾಗಕಣಗಳು. ಒಂದೊಂದೂ ಮಿಲಿಮೀಟರಿನ ನೂರರಲ್ಲೊಂದು ಪಾಲಿನಿಂದ ಹತ್ತರಲ್ಲೊಂದು ಪಾಲಿನಷ್ಟು. ಒಂದೊಂದು ಕುಲಕ್ಕೂ ಅದರದೇ ಕೆತ್ತನೆ. ಮುಳ್ಳು, ಬಲೆ, ತೂತು, ಗೀರು. ನನ್ನ ಆ ನಾಲಗೆಯೆಲೆಯ ಮರದ ಪರಾಗಕ್ಕೆ ಎರಡು ಗಾಳಿಚೀಲಗಳು, ನಡುಮೈಯಲ್ಲಿ ಸಾಲುಗೀರುಗಳು. ನೆಲದ ಕಾವು ಏರಿದಂತೆ ಕಣಗಳ ಬಣ್ಣ ತಿಳಿಹಳದಿಯಿಂದ ಕಂದಿಗೆ, ಕಂದಿನಿಂದ ಕಪ್ಪಿಗೆ ತಿರುಗುತ್ತದೆ. ಹಳೆಯ ಓಲೆಗರಿಯ ಬಣ್ಣ ನೋಡಿ ಕಾಲವನ್ನು ಊಹಿಸುತ್ತಿದ್ದ ನಮ್ಮ ಹಿರಿಯರು ನನಗೆ ನೆನಪಾದರು.

ನಮ್ಮ ದೇಶದಲ್ಲಿ ಈ ವಿದ್ಯೆಗೆ ಬುನಾದಿ ಹಾಕಿದವರು ಬೀರಬಲ್ ಸಾಹ್ನಿ. ಲಖ್ನೋದಲ್ಲಿ ಅವರು ಕಟ್ಟಿದ ಪುರಾಸಸ್ಯ ಸಂಸ್ಥೆಯ ಕಟ್ಟಡಕ್ಕೆ 1949ರ ಏಪ್ರಿಲ್ 3ರಂದು ನೆಹರೂ ಅಸ್ತಿಭಾರವಿಟ್ಟರು. ಒಂದು ವಾರ ತುಂಬುವಷ್ಟರಲ್ಲಿ ಸಾಹ್ನಿಯವರು ತೀರಿಕೊಂಡರು. ಸಂಸ್ಥೆಯನ್ನು ಮುಂದೆ ನಡೆಸಿದವರು ಅವರ ಪತ್ನಿ ಸಾವಿತ್ರಿ. ಇಂಥ ಮಹನೀಯರು ಒಮ್ಮೆ ಎಡವಿದ್ದೂ ಉಂಟು. ಇಂದಿನ ಪಾಕಿಸ್ತಾನದಲ್ಲಿರುವ ಉಪ್ಪಿನ ಬೆಟ್ಟಗಳ ತಳದ ಪದರದಲ್ಲಿ ಹೂಬಿಡುವ ಸಸ್ಯಗಳ ಸೂಕ್ಷ್ಮ ತುಣುಕುಗಳು ಸಿಕ್ಕಿದುದರಿಂದ ಆ ಪದರ ಈಚಿನದೆಂದು 1940ರ ದಶಕದಲ್ಲಿ ಅವರು ಬಲವಾಗಿ ವಾದಿಸಿದರು. ಅದು ಐವತ್ತು ಕೋಟಿ ವರ್ಷಗಳಿಗೂ ಹಳೆಯದೆಂಬುದೇ ಈಗ ಎಲ್ಲರೂ ಒಪ್ಪಿರುವ ಅಭಿಪ್ರಾಯ. ತುಣುಕುಗಳು ಹೊರಗಿನಿಂದ ಸೇರಿಕೊಂಡವು. ಮಾನಸಗಂಗೋತ್ರಿಯಲ್ಲಿ ಗ್ರಂಥಸಂಪಾದನೆಯನ್ನು ಓದಿದ ನಾವು ಇದನ್ನು ಪ್ರಕ್ಷಿಪ್ತ ಎನ್ನುತ್ತಿದ್ದೆವು.

ನಮ್ಮ ಕಡೆ ಕಲ್ಲಿದ್ದಲೇಕಿಲ್ಲ? ಕಾರಣ ಸರಳ. ಕಲ್ಲಿದ್ದಲಾಗಬೇಕಾದರೆ ನೆಲ ಕುಸಿಯುತ್ತಿರುವ ತಗ್ಗು ಬೇಕು, ಅದರಲ್ಲಿ ಜವುಗು ಬೇಕು, ಜವುಗಿನಲ್ಲಿ ಕಾಡು ಬೇಕು. ದಾಮೋದರ, ಮಹಾನದಿ, ಗೋದಾವರಿಗಳ ಕೊಳ್ಳಗಳಲ್ಲಿ ಇದೆಲ್ಲ ಕೂಡಿ ಬಂದಿತು. ನಮ್ಮ ಬಿಳಿಗಿರಿರಂಗನ ಬೆಟ್ಟದ ಚಾರ್ನೋಕೈಟ್ ಮತ್ತು ನೈಸ್ ಶಿಲೆಗಳಾದರೋ ಇನ್ನೂರೈವತ್ತು ಕೋಟಿ ವರ್ಷಗಳಷ್ಟು, ಕೆಲವೆಡೆ ಅದಕ್ಕಿಂತಲೂ ಹಳೆಯವು. ನೆಲದ ಮೇಲೆ ಹಸಿರು ಹುಟ್ಟಿದ್ದು ಸುಮಾರು ನಲವತ್ತೇಳು ಕೋಟಿ ವರ್ಷಗಳ ಹಿಂದೆ. ಬಾಗಲಕೋಟೆಯ ಕಡೆಯ ಕಲಾದಗಿ ಪದರಶಿಲೆಗಳು, ಕಲಬುರಗಿಯ ಕಡೆಯ ಭೀಮಾ ಪದರಶಿಲೆಗಳು ನೀರಿನಲ್ಲಿ ಹೂಳಾಗಿ ಸಂಚಯವಾದವೇ ಆದರೂ ಅವು ಕೂಡ ಮರ ಹುಟ್ಟುವುದಕ್ಕೆ ಮೊದಲಿನವು. ಈ ಕೊರತೆಗೆ ನಾಡು ತೆತ್ತ ಬೆಲೆ ಸಣ್ಣದಲ್ಲ. 1902ರಲ್ಲಿ ಶಿವನಸಮುದ್ರದ ನೀರಿನಿಂದ ವಿದ್ಯುತ್ತು ತೆಗೆದು ಕೋಲಾರಕ್ಕೆ ಸಾಗಿಸಿದ್ದು ನಮ್ಮ ಹೆಮ್ಮೆಯಾದರೆ, 1923ರಲ್ಲಿ ಆರಂಭವಾದ ಭದ್ರಾವತಿಯ ಕಬ್ಬಿಣದ ಕುಲುಮೆ ಕಲ್ಲಿದ್ದಲಿನ ಬದಲಿಗೆ ಮಲೆನಾಡಿನ ಮರಗಳನ್ನು ಇದ್ದಲು ಮಾಡಿ ನುಂಗಿದ್ದನ್ನು ನಾವು ಅಷ್ಟಾಗಿ ಹೇಳಿಕೊಳ್ಳುವುದಿಲ್ಲ.

ಈಗ ನನ್ನ ಸ್ವಂತ ವಿಷಯಕ್ಕೆ ಬರುತ್ತೇನೆ. 1989ರಲ್ಲಿ ನಾನು ಗುಂಡ್ಲುಪೇಟೆಯಲ್ಲಿ ಉಪನ್ಯಾಸಕನಾಗಿದ್ದೆ. ಡಿಸೆಂಬರಿನ ಒಂದು ದಿನ ವಿದ್ಯಾರ್ಥಿಗಳನ್ನು ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಕರೆದುಕೊಂಡು ಹೋದೆ. ಆ ಬೆಟ್ಟವನ್ನು ಕಂಡವರಿಗೆ ಗೊತ್ತು: ನೆತ್ತಿಯೆಲ್ಲ ಹುಲ್ಲು, ಮಡಿಕೆಗಳಲ್ಲಿ ಮಾತ್ರ ಕಪ್ಪಗೆ ಒತ್ತೊತ್ತಾಗಿ ಶೋಲೆಯ ಕಾಡು, ದಕ್ಷಿಣಕ್ಕೆ ನೀಲಗಿರಿಯ ಸಾಲು. ‘ತುದಿಯಲ್ಲಿ ಮರಗಳೇಕಿಲ್ಲ ಸಾರ್?’ ಎಂದು ಒಬ್ಬ ಹುಡುಗಿ ಕೇಳಿದಳು. ನಾನು ಯೋಚಿಸಲೂ ಇಲ್ಲ. ಬೆಟ್ಟದ ಜನ, ದನ ಕಾಯುವವರು ಬೆಂಕಿ ಇಟ್ಟು ಕಾಡು ಸುಟ್ಟರು, ಹುಲ್ಲು ಬಂದಿತು, ನೀಲಗಿರಿಯಲ್ಲಿಯೂ ಹೀಗೆಯೇ ಆಯಿತು ಎಂದುಬಿಟ್ಟೆ. ನನ್ನ ಕಲ್ಪನೆಯಲ್ಲ, ಹೆಸರಾಂತ ಅರಣ್ಯತಜ್ಞರೇ ಹಾಗೆ ಬರೆದಿದ್ದರು. ಆಗ ಗುಂಪಿನ ಅಂಚಿನಲ್ಲಿದ್ದ ಒಬ್ಬ ಹುಡುಗ, ಪೋಡಿನಿಂದ ಬಂದು ಓದುತ್ತಿದ್ದ ಸೋಲಿಗರವನು, ‘ಇಲ್ಲ ಸಾ, ಹುಲ್ಲು ಮೊದಲಿಂದಲೂ ಅದ. ನಮ್ಮ ತಾತ ಅಂಗೇ ಹೇಳೋರು’ ಎಂದ. ‘ನಿಮ್ಮ ತಾತ ಹುಟ್ಟುವ ಮೊದಲೇ ಸುಟ್ಟಾಗಿತ್ತಪ್ಪಾ’ ಎಂದೆ. ಎಲ್ಲರೂ ನಕ್ಕರು. ಅವನೂ ನಕ್ಕ. ಆ ವರ್ಷದ ನನ್ನ ಪ್ರಶ್ನೆಪತ್ರಿಕೆಯಲ್ಲಿ ಕಾಡಿನ ನಾಶಕ್ಕೆ ಕಾರಣಗಳೇನು ಎಂಬ ಪ್ರಬಂಧವೂ ಇತ್ತು.

ಗುಂಡ್ಲುಪೇಟೆಯಿಂದ ಬಂಡೀಪುರ, ಮುದುಮಲೆಗಳನ್ನು ದಾಟಿ ಘಟ್ಟ ಹತ್ತಿದರೆ ಉದಕಮಂಡಲದ ಸುತ್ತಿನ ತಣ್ಣನೆಯ ಕಣಿವೆಗಳಲ್ಲಿ ಕರಿಯ ಜವುಗು ಮಣ್ಣು ಸಿಕ್ಕುತ್ತದೆ. ಅದಕ್ಕೆ ಪೀಟ್ ಎನ್ನುತ್ತಾರೆ. ನೀರು ನಿಂತು, ಗಾಳಿ ಸೋಕದೆ, ಕೊಳೆಯಲಾರದೆ ಒಂದರ ಮೇಲೊಂದು ಕುಳಿತ ಹುಲ್ಲು, ಜೊಂಡು, ಎಲೆ. ಕಲ್ಲಿದ್ದಲಿನ ಶೈಶವವೆಂದರೆ ಇದೇ. ಹೂತು ಒತ್ತಿದರೆ ಮುಂದೆ ನೈವೇಲಿಯ ಲಿಗ್ನೈಟಿನಂತೆ ಆಗುವುದು; ಮತ್ತೂ ಕಾದರೆ ಕಲ್ಲಿದ್ದಲು. ಕಲ್ಲಿದ್ದಲಿಲ್ಲದ ನಮ್ಮ ಹೊಸಿಲಿನಲ್ಲಿಯೇ ಕಲ್ಲಿದ್ದಲಿನ ಕೂಸು ಮಲಗಿದೆ. ಲಖ್ನೋದ ಸಾಹ್ನಿ ಸಂಸ್ಥೆಯ ವಿಜ್ಞಾನಿಗಳು ಕಾಕತೋಪು ಮೊದಲಾದ ಕಡೆ ಈ ಮಣ್ಣನ್ನು ಪದರ ಪದರವಾಗಿ ತೆಗೆದು, ನಾನು ಆಗಲೇ ಹೇಳಿದ ರೀತಿಯಲ್ಲಿ ಪರಾಗವನ್ನು ಎಣಿಸಿದರು. ತಳದ ಪದರಗಳಲ್ಲಿಯೂ ಹುಲ್ಲಿನ ಪರಾಗ ಧಾರಾಳವಾಗಿತ್ತು. ಇದು ಅಚ್ಚಾದದ್ದು 1971ರಲ್ಲಿ. ನಾನು ಬೆಟ್ಟದ ಮೇಲೆ ನಿಂತು ತೀರ್ಪು ಕೊಟ್ಟಾಗ ಅದಕ್ಕೆ ಹದಿನೆಂಟು ವರ್ಷ ವಯಸ್ಸಾಗಿತ್ತು.

ಪರಾಗದ ಸಾಕ್ಷ್ಯವನ್ನು ಕಣ್ಣುಮುಚ್ಚಿ ನಂಬುವಂತಿಲ್ಲ, ನಿಜ. ಹುಲ್ಲು ತನ್ನ ಪರಾಗವನ್ನು ಗಾಳಿಗೆ ತೂರುತ್ತದೆ, ಲೆಕ್ಕವಿಲ್ಲದಷ್ಟು. ಜೇನನ್ನೂ ದುಂಬಿಯನ್ನೂ ನೆಚ್ಚಿದ ಮರ ಮಿತವಾಗಿ ಮಾಡುತ್ತದೆ. ಜೋರಾಗಿ ಕೂಗುವ ಸಾಕ್ಷಿಯ ಮಾತೊಂದೇ ದಾಖಲಾಗುವ ಅಪಾಯವಿದೆ. ಗುಂಡ್ಲುಪೇಟೆಯ ರಸ್ತೆಯ ಎರಡು ಕಡೆಯೂ ಮಳೆಗಾಲದಲ್ಲಿ ಹಳದಿಯುಕ್ಕಿಸುವ ಸೂರ್ಯಕಾಂತಿ, ಬಣ್ಣ ತೆಗೆಯಲು ಬೆಳೆಯುವ ಚೆಂಡುಹೂ, ಬಂಡೀಪುರವನ್ನು ಮುತ್ತಿರುವ ಲಂಟಾನ ಇವು ಮೂರೂ ಅಮೆರಿಕದ ಮೂಲದವು. ನಮ್ಮ ಕೆರೆಯ ಹೂಳನ್ನು ಮುಂದೆಂದೋ ಸೋಸುವವನು ಇವುಗಳನ್ನು ಕಂಡು ಏನೆಂದುಕೊಂಡಾನು! ಆದ್ದರಿಂದ ಇನ್ನೊಂದು ಸಾಕ್ಷಿ ಬೇಕಾಗಿತ್ತು. ಅದು ಬಂದದ್ದು ನಮ್ಮ ಜಿಲ್ಲೆಯ ಆನೆಗಳ ದಾರಿಯಲ್ಲಿ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಅವರು 1980ರ ದಶಕದ ಮೊದಲಲ್ಲಿ ಚಾಮರಾಜನಗರ ಮತ್ತು ಸತ್ಯಮಂಗಲದ ಕಾಡುಗಳಲ್ಲಿ ಆನೆಗಳ ಬೆನ್ನುಹತ್ತಿ ಅಲೆದವರು. ಆನೆ ಹುಲ್ಲನ್ನು ಎಷ್ಟು ತಿನ್ನುತ್ತದೆ, ಸೊಪ್ಪನ್ನು ಎಷ್ಟು ತಿನ್ನುತ್ತದೆ ಎಂಬುದನ್ನು ಸತ್ತ ಆನೆಯ ಮೂಳೆಯಿಂದಲೇ ತಿಳಿಯಬಹುದು. ಇಂಗಾಲದಲ್ಲಿ ಹಗುರವಾದದ್ದೂ ತುಸು ಭಾರವಾದದ್ದೂ ಉಂಟು. ನಮ್ಮ ರಾಗಿ, ಜೋಳ, ಕಬ್ಬು ಮತ್ತು ಬಿಸಿಲುನಾಡಿನ ಹುಲ್ಲುಗಳು ಭಾರದ ಇಂಗಾಲವನ್ನು ಹೀರುವ ಪ್ರಮಾಣ ಒಂದು; ಮರಗಳೂ ಭತ್ತವೂ ಹೀರುವ ಪ್ರಮಾಣ ಬೇರೆ. ತಿಂದವನ ಮೂಳೆಯಲ್ಲಿ ಆ ಲೆಕ್ಕ ಉಳಿಯುತ್ತದೆ. ಮಣ್ಣಾದ ಎಲೆಯಲ್ಲಿಯೂ ಉಳಿಯುತ್ತದೆ. ಸುಕುಮಾರ್ ಅವರು ರಮೇಶ್, ಪಂತ್, ರಾಜಗೋಪಾಲನ್ ಅವರೊಡನೆ ಸೇರಿ ನೀಲಗಿರಿಯ ಪೀಟಿನಲ್ಲಿ ಇದೇ ಲೆಕ್ಕವನ್ನು ಓದಿದರು. 1993ರಲ್ಲಿ ಅದು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಇಪ್ಪತ್ತು ಸಾವಿರ ವರ್ಷಗಳ ಹಿಂದೆ, ಹಿಮಯುಗದ ಒಣ ಚಳಿಯಲ್ಲಿ, ನೀಲಗಿರಿಯ ನೆತ್ತಿಯ ಮೇಲೆ ಹುಲ್ಲು ಹರಡಿಕೊಂಡಿತ್ತು. ಸುಮಾರು ಹತ್ತು ಸಾವಿರ ವರ್ಷಗಳ ಹಿಂದೆ ಮುಂಗಾರು ಬಲವಾದಾಗ ಸನ್ನಿವೇಶ ಬದಲಾಯಿತು. ಕೆಲವು ಸಾವಿರ ವರ್ಷ ಕಳೆದ ಮೇಲೆ ಮಳೆ ಮತ್ತೆ ಬಡವಾಯಿತು. ಹುಲ್ಲೂ ಕಾಡೂ ಮಳೆಯ ಮಾತು ಕೇಳಿ ಹಿಂದೆ ಮುಂದೆ ಸರಿದಾಡಿವೆ. ದಕ್ಷಿಣದಲ್ಲಿ ದನ ಸಾಕಿದುದರ ಅತ್ಯಂತ ಹಳೆಯ ಗುರುತುಗಳಾದ ಬಳ್ಳಾರಿ ಸೀಮೆಯ ಬೂದಿದಿಬ್ಬಗಳಿಗೇ ಸುಮಾರು ಐದು ಸಾವಿರ ವರ್ಷ. ಇಪ್ಪತ್ತು ಸಾವಿರ ವರ್ಷದ ಹುಲ್ಲಿಗೆ ಬೆಂಕಿಯಿಟ್ಟ ದನಗಾಹಿ ಎಲ್ಲಿಂದ ಬಂದಾನು?

ಮನುಷ್ಯನ ಕೈವಾಡವೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಈಚಿನ ಶತಮಾನಗಳಲ್ಲಿ ಬೆಂಕಿ, ದನ, ಕೊಡಲಿ ಎಲ್ಲವೂ ತಮ್ಮ ಕೆಲಸ ಮಾಡಿವೆ. ನೀಲಗಿರಿಯ ಪಾಠವನ್ನು ಗೋಪಾಲಸ್ವಾಮಿ ಬೆಟ್ಟಕ್ಕೆ ಹಾಗೆಯೇ ಅಂಟಿಸುವುದೂ ಸಲ್ಲದು. ಒಂದು ಪ್ರತಿಯ ಪಾಠ ಇನ್ನೊಂದು ಪ್ರತಿಗೆ ಪ್ರಮಾಣವಲ್ಲ. ಎತ್ತರ ಬೇರೆ, ಮಂಜು ಬೇರೆ. ಆದರೆ ನಾನು ಅಂದು ನೀಲಗಿರಿಯ ಹೆಸರನ್ನೇ ಹೇಳಿದ್ದೆ. ಓದದ ಓಲೆಯ ಬಲದ ಮೇಲೆ ಒಂದು ಜನಾಂಗದ ಮೇಲೆ ಆರೋಪ ಹೊರಿಸಿದ್ದೆ. ಹುಲ್ಲುಗಾವಲು ಕಾಡಿನ ಹೆಣವೆಂದು ಭಾವಿಸಿಯೇ ಹಿಂದಿನವರು ನೀಲಗಿರಿಯಲ್ಲಿ ಆಸ್ಟ್ರೇಲಿಯದ ನೀಲಗಿರಿ ಮರವನ್ನೂ ಅಕೇಶಿಯವನ್ನೂ ನೆಟ್ಟು ತುಂಬಿದರು. ಜವುಗುಗಳು ಬತ್ತಿ ತರಕಾರಿಯ ಪಾತಿಗಳಾದವು. ಬಿಳಿಗಿರಿಯಲ್ಲಿ 1974ರಲ್ಲಿ ಅಭಯಾರಣ್ಯವಾದ ಮೇಲೆ ಸೋಲಿಗರ ಬೇಸಾಯವೂ ನಿಂತಿತು, ಬೇಸಗೆಯ ಮೊದಲಲ್ಲಿ ಅವರು ಇಡುತ್ತಿದ್ದ ತರಗುಬೆಂಕಿಯೂ ನಿಂತಿತು. ಲಂಟಾನ ಹಬ್ಬಿದ್ದು ಆಮೇಲೆ ಎಂಬುದು ಅವರ ಮಾತು. 2011ರಲ್ಲಿ ಕಾಡಿನ ಮೇಲಣ ಸಮುದಾಯದ ಹಕ್ಕು ಅವರ ಪೋಡುಗಳಿಗೆ ಕಾಯಿದೆಯ ಪ್ರಕಾರ ದೊರೆಯಿತು.

ಇವನ್ನೆಲ್ಲ ನಾನು ಕೂತು ಓದಿದ್ದು ನಿವೃತ್ತಿಯ ಬಿಡುವಿನಲ್ಲಿ, ಮೇಜಿನ ಮೇಲೆ ಕಾಗದಕ್ಕೆ ಭಾರವಾಗಿಟ್ಟಿದ್ದ ಆ ನಾಲಗೆಯೆಲೆಯ ಕಲ್ಲಿನ ನೆಪದಿಂದ. ಓದಿ ಮುಗಿಸಿದ ಮೇಲೆ ಆ ಹುಡುಗನಿಗಾಗಿ ವಿಚಾರಿಸಿದೆ. ಸಿಕ್ಕಲಿಲ್ಲ. ಕಳೆದ ವರ್ಷ ಗುಂಡ್ಲುಪೇಟೆಯ ಬಸ್ ನಿಲ್ದಾಣದಲ್ಲಿ ತಾನಾಗಿಯೇ ಎದುರಾಗಿ ನಮಸ್ಕಾರ ಮಾಡಿದ. ತಲೆಕೂದಲು ನೆರೆತಿತ್ತು, ಕೈಯಲ್ಲಿ ಮೊಮ್ಮಗುವಿಗೆ ಕೊಂಡ ಆಟಿಕೆಯಿತ್ತು. ನಾನು ಬೆಂಚಿನ ಮೇಲೆ ಕೂರಿಸಿಕೊಂಡು ಪೀಟು, ಪರಾಗ, ಇಂಗಾಲ ಎಲ್ಲವನ್ನೂ ಹೇಳಿದೆ. ನಿನ್ನ ತಾತ ಹೇಳಿದ್ದೇ ಸರಿಯಪ್ಪಾ, ತಪ್ಪಿದ್ದು ನಾನು ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ.

‘ಅದು ನಂಗೊತ್ತಿತ್ತು ಸಾ,’ ಎಂದ. ‘ಆದ್ರೂ ಪರೀಕ್ಷೇಲಿ ನೀವು ಹೇಳ್ದಂಗೇ ಬರೆದೆ. ನಮ್ಮೋರೇ ಕಾಡು ಸುಟ್ಟರು ಅಂತ. ನೀವು ಇಪ್ಪತ್ತಕ್ಕೆ ಹದಿನೇಳು ಕೊಟ್ಟಿದ್ರಿ.’

ಅಷ್ಟರಲ್ಲಿ ಚಾಮರಾಜನಗರದ ಬಸ್ಸು ಬಂದಿತು. ಜಾಗ ಹಿಡಿಯುತ್ತೇನೆಂದು ಅವನು ನನ್ನ ಚೀಲವನ್ನೂ ಎತ್ತಿಕೊಂಡು ಮುಂದೆ ಓಡಿದ.